ಸ್ನಾನದ ಮನೆಯ ಉಪ್ಪುನೀರು

ಬೆಳಿಗ್ಗೆ ಆರರಿಂದ ಏಳರವರೆಗೆ ಆ ಮನೆಯ ಸ್ನಾನದ ಕೋಣೆ ಬಾಟ್ಲಿ ಅಕ್ಕನದು. ಯಾರೂ ಕೂತು ಮಾತಾಡಿ ಮಾಡಿಕೊಂಡ ಒಪ್ಪಂದವಲ್ಲ ಅದು. ಎರಡು ತಿಂಗಳು ಜಗಳವಾಗಿ, ಒಂದು ವಾರ ಮಾತೇ ನಿಂತು, ಕೊನೆಗೆ ತಮ್ಮನ ಹೆಂಡತಿ ತನ್ನ ಅಲಾರಮನ್ನು ಐದೂಕಾಲಿಗೆ ತಿರುಗಿಸಿಕೊಂಡ ದಿನ ತಾನಾಗಿಯೇ ಜಾರಿಗೆ ಬಂದದ್ದು. ತಿರುಗಿಸಿಕೊಳ್ಳುವಾಗ ಅವಳು, "ನನ್ನ ಮನೇಲಿ ನಾನು ಸ್ನಾನ ಮಾಡೋಕೆ ಹುಳಗಳ ಅಪ್ಪಣೆ ಬೇಕಾಯ್ತು," ಎಂದಳು.

"ಹುಳ ಅಲ್ಲ, ಸಿಗಡಿ," ಎಂದಳು ಅಕ್ಕ. ಅಲ್ಲಿಗೆ ಆ ವಿಷಯ ಮುಗಿಯಿತು.

ಕೋಣೆ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಕನ್ನಡಿಯ ಕೆಳಗಿನ ಹಲಗೆಗೆ ಮೂರು ದುಂಡು ತೂತು ಕೊರೆಸಿ, ತಳ ಕತ್ತರಿಸಿದ ಮೂರು ಪ್ಲಾಸ್ಟಿಕ್ ಬಾಟಲಿಗಳನ್ನು ತಲೆಕೆಳಗಾಗಿ ಸಿಕ್ಕಿಸಿದ್ದಳು. ಒಂದೊಂದರ ಕತ್ತಿನವರೆಗೂ ಗಾಳಿ ಊದುವ ಸಣ್ಣ ಕೊಳವೆ ಇಳಿದಿತ್ತು. ಬೆರಳೆಣಿಕೆಯ ಚಮಚ ಉಪ್ಪು, ಚಿಟಿಕೆ ಸೋಡಾ ಪುಡಿ ಬೆರೆತ ನೀರು ಹಗಲಿರುಳೂ ಬುಳುಬುಳು ಎನ್ನುತ್ತಿತ್ತು. ಆರು ಗಂಟೆಗೆ ಸರಿಯಾಗಿ ಅಕ್ಕ ಒಂದು ಬಾಟಲಿಯ ಗಾಳಿ ನಿಲ್ಲಿಸುತ್ತಿದ್ದಳು. ಕತ್ತಿನ ಪಕ್ಕಕ್ಕೆ ಮೇಜಿನ ದೀಪ ಹಿಡಿದು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಹತ್ತು ನಿಮಿಷ ಕಾಯುತ್ತಿದ್ದಳು. ಒಡೆದ ಮೊಟ್ಟೆಗಳ ಸಿಪ್ಪೆ ಕಾಫಿಪುಡಿಯ ಹಾಗೆ ಮೇಲಕ್ಕೆ ತೇಲುತ್ತಿತ್ತು. ಬದುಕಿರುವವು ಬೆಳಕು ಹುಡುಕಿಕೊಂಡು ಕೆಳಗಿಳಿದು, ದೀಪದ ಎದುರಿಗೆ ಕಿತ್ತಳೆ ಬಣ್ಣದ ಮಂಜಿನ ಹಾಗೆ ಗುಂಪುಗೂಡುತ್ತಿದ್ದವು. ಬರಿಗಣ್ಣಿಗೆ ಒಂದೊಂದೂ ಚುಕ್ಕಿಯಷ್ಟೇ. ಆದರೆ ಪ್ರತಿ ಚುಕ್ಕಿಯೂ ಚಡಪಡಿಸುತ್ತಿತ್ತು. ಅವನ್ನು ಕೊಳವೆಯಲ್ಲಿ ಎಳೆದು, ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು, ಹೊರಗಿನ ಕೋಣೆಯ ಗಾಜಿನ ತೊಟ್ಟಿಯಲ್ಲಿ ಬಾಯಿ ಬಿಟ್ಟುಕೊಂಡು ಕಾಯುವ ಮರಿಮೀನುಗಳಿಗೆ ಹಾಕುವುದು ಅವಳ ಬೆಳಗಿನ ಕೆಲಸ.

ಈ ಕೆಲಸ ಮಾಡಬೇಡ ಎಂದವರ ಸಂಖ್ಯೆ ಕಡಿಮೆ ಇರಲಿಲ್ಲ. ಆದರೆ ಬೇಡ ಎಂದವರ ಮುಂದೆ ಬೇಕು ಎಂದೇ ನಿಲ್ಲುವುದು ಅವಳಿಗೆ ಐವತ್ತೈದರಲ್ಲಿ ಬಂದ ಹೊಸ ಚಾಳಿಯಲ್ಲ.

ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅವಳು ಒಂದು ಕಾಲೇಜಿನ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದ್ದಳು. ಟೆಸ್ಟ್ ಟ್ಯೂಬು, ಬೀಕರು, ಉದ್ದ ಕತ್ತಿನ ಸೀಸೆ, ಬೆರಳಗಲದ ಸ್ಲೈಡು. ಬಾಟ್ಲಿ ಅಕ್ಕ ಎಂದು ಮೊದಲು ಕರೆದವರು ಅಲ್ಲಿಯ ಹುಡುಗಿಯರು. ಆ ಹೆಸರು ಅವಳಿಗಿಂತ ಮೊದಲೇ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟಿತು. ಸಿಂಕು ಇದ್ದದ್ದು ಪಾಠದ ಕೋಣೆಯ ಹಿಂಬದಿಯಲ್ಲಿ, ಕಿಟಕಿಯ ಕೆಳಗೆ. ನಲ್ಲಿಯ ಸದ್ದಾದರೆ ಮೇಷ್ಟ್ರಿಗೆ ಸಿಟ್ಟು ಬರುತ್ತಿತ್ತು. ಹಾಗಾಗಿ ಪಾಠ ನಡೆಯುವಾಗ ನೀರನ್ನು ದಾರದಷ್ಟು ಸಣ್ಣಗೆ ಬಿಟ್ಟುಕೊಂಡು, ಬ್ರಷ್ಷನ್ನು ಮೆಲ್ಲಗೆ ತಿರುಗಿಸುತ್ತ, ಕಿವಿಯನ್ನು ಅತ್ತ ಕೊಟ್ಟು ತೊಳೆಯುತ್ತಿದ್ದಳು. ಒಂದೇ ಪಾಠವನ್ನು ಮೂವತ್ತೊಂದು ವರ್ಷ ಮೂವತ್ತೊಂದು ಸಲ ಕೇಳಿದವಳಿಗೆ ಮೇಷ್ಟ್ರು ಎಲ್ಲಿ ಕೆಮ್ಮುತ್ತಾರೆ, ಎಲ್ಲಿ ಜೋಕು ಹೇಳುತ್ತಾರೆ, ಎಲ್ಲಿ ತಪ್ಪುತ್ತಾರೆ ಎಂಬುದೂ ಬಾಯಿಪಾಠವಾಗಿತ್ತು.

ಸೇರಿದ ಎರಡನೆಯ ವರ್ಷ ಒಂದು ಸಂಬಂಧ ಬಂತು. ಒಳ್ಳೆಯ ಮನೆ, ಗಂಡಿಗೆ ಕಾಯಂ ಕೆಲಸ. ಗಂಡಿನ ತಾಯಿ ಟೀ ಕುಡಿದು ಕಪ್ಪು ಕೆಳಗಿಡುತ್ತ, "ಮದುವೆ ಆದ್ಮೇಲೆ ಈ ಬಾಟ್ಲಿ ತೊಳೆಯೋ ಕೆಲಸ ಎಲ್ಲ ಬೇಡಮ್ಮ. ನಮ್ಮ ಮರ್ಯಾದೆಗೆ ಸರಿಹೋಗಲ್ಲ," ಎಂದಳು.

"ನಿಮ್ಮನೇಲಿ ಪಾತ್ರೆ ಯಾರು ತೊಳೀತಾರೆ?" ಎಂದು ಕೇಳಿದಳು ಅಕ್ಕ.

"ಇನ್ಮೇಲೆ ಸೊಸೆ ತೊಳೀತಾಳೆ."

"ಹಾಗಾದ್ರೆ ಕಾಲೇಜೇ ವಾಸಿ. ಅಲ್ಲಿ ಐದು ಗಂಟೆಗೆ ಬಿಡ್ತಾರೆ."

ಬಂದವರು ಎದ್ದು ಹೋದರು. ತಾಯಿ ಮೂರು ದಿನ ಅತ್ತಳು. ಅಕ್ಕ ಜಪ್ಪಯ್ಯ ಅನ್ನಲಿಲ್ಲ. ತಂದೆ ಆಗಲೇ ಇರಲಿಲ್ಲ. ಶಾಲೆಯಲ್ಲಿ ಓದುತ್ತಿದ್ದ ತಮ್ಮ ಇದ್ದ. ಅವನನ್ನು ಓದಿಸಿದಳು, ತಾಯಿಯನ್ನು ಕೊನೆಯವರೆಗೂ ನೋಡಿಕೊಂಡಳು. ತಮ್ಮ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವನಾದ. ದಿನವಿಡೀ ಬೇರೆಯವರ ಮಾತು ತಿದ್ದಿ ತಿದ್ದಿ ಅವನಿಗೆ ಸ್ವಂತ ಮಾತೇ ಉಳಿದಿರಲಿಲ್ಲ. ಮನೆಯಲ್ಲಿ "ಹೂಂ" ಎನ್ನುವುದೇ ಅವನ ದೊಡ್ಡ ಭಾಷಣ. ಅವನ ಹೆಂಡತಿ ಹಾಗಲ್ಲ. ಆಸ್ಪತ್ರೆಯ ಚೀಟಿ ಬರೆಯುವ ಕಿಟಕಿಯಲ್ಲಿ ಕೂತು ದಿನಕ್ಕೆ ಮುನ್ನೂರು ಜನರ ಹತ್ತಿರ ಗಟ್ಟಿಯಾಗಿ ಮಾತಾಡುವವಳು. ಅದೇ ದನಿಯನ್ನು ಮನೆಗೂ ತರುತ್ತಿದ್ದಳು.

ಇನ್ನು ಆ ಸಿಗಡಿಗಳ ಕತೆ. ಅದು ಶುರುವಾದದ್ದೂ ಕಾಲೇಜಿನಲ್ಲೇ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಜೀವಂತ ಪ್ರಾಣಿಯೊಂದನ್ನು ತೋರಿಸುವ ಪ್ರಯೋಗ ಇರುತ್ತಿತ್ತು. ಅದಕ್ಕೆ ಡಬ್ಬಿಯಲ್ಲಿ ಬರುವ ಒಣ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ನೆನೆಸಿಡುತ್ತಿದ್ದರು. ಒಣಗಿದ್ದಾಗ ವರ್ಷಗಟ್ಟಲೆ ಮಣ್ಣಿನ ಹಾಗೆ ಬಿದ್ದಿರುವ ಮೊಟ್ಟೆ, ಬೆಚ್ಚಗಿನ ಉಪ್ಪುನೀರು ಸಿಕ್ಕರೆ ಒಂದೇ ದಿನದಲ್ಲಿ ಒಡೆದು ಮರಿಯಾಗುತ್ತದೆ. ಆದರೆ ಆ ಪ್ರಯೋಗಾಲಯದಲ್ಲಿ ಪ್ರತಿ ವರ್ಷವೂ ಸೋಲು. ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದರು. ಅವರು ಒಂದು ಸಲ ಉಪ್ಪು ಸರಿಯಿಲ್ಲ ಎನ್ನುತ್ತಿದ್ದರು, ಮತ್ತೊಂದು ಸಲ ಡಬ್ಬಿ ಸರಿಯಿಲ್ಲ ಎನ್ನುತ್ತಿದ್ದರು.

ಅಕ್ಕನಿಗೆ ಕಾರಣ ಗೊತ್ತಿತ್ತು. ಮೊಟ್ಟೆ ನೆನೆಸಿಡುತ್ತಿದ್ದ ಕಲ್ಲಿನ ಮೇಜಿನ ಮೇಲೆ ದಿನಾ ಕೈ ಇಡುವವಳು ಅವಳೇ. ಅದು ಹೆಣದಷ್ಟು ತಣ್ಣಗಿತ್ತು.

"ಸರ್, ಬಿಸಿನೀರಿನ ಪೈಪಿನ ಪಕ್ಕ ಇಟ್ಟು ನೋಡಬಹುದಲ್ವಾ?" ಎಂದಳು ಒಂದು ದಿನ.

ದೊಡ್ಡ ಮೇಷ್ಟ್ರು ಪುಸ್ತಕದಿಂದ ತಲೆ ಎತ್ತಲಿಲ್ಲ. "ತೊಳೆಯೋದು ನಿಮ್ಮ ಕೆಲಸ. ಯೋಚನೆ ಮಾಡೋಕೆ ನಾವಿದ್ದೀವಿ."

ಅವಳು ಹೋಗಿ ಬ್ರಷ್ಷು ಹಿಡಿದಳು. ಅಂದು ಐದು ಗಂಟೆಗೆ ಎಲ್ಲರೂ ಹೋದ ಮೇಲೆ ಬೀಕರನ್ನು ಎತ್ತಿ ಪೈಪಿನ ಪಕ್ಕಕ್ಕಿಟ್ಟಳು. ಮರುದಿನ ಎಲ್ಲರಿಗಿಂತ ಮೊದಲು ಬಂದು ಮತ್ತೆ ಮೇಜಿನ ಮೇಲಿಟ್ಟಳು. ಬೀಕರಿನಲ್ಲಿ ಕಿತ್ತಳೆ ಬಣ್ಣದ ಮೋಡ ಕುಣಿಯುತ್ತಿತ್ತು. ದೊಡ್ಡ ಮೇಷ್ಟ್ರು ಅದನ್ನು ಎತ್ತಿ ಹಿಡಿದು, "ಸರಿಯಾದ ವಿಧಾನ ಅಂದ್ರೆ ಇದು," ಎಂದು ವಿದ್ಯಾರ್ಥಿಗಳಿಗೆ ತೋರಿಸಿದರು. ಹೀಗೇ ಹತ್ತೊಂಬತ್ತು ವರ್ಷ ನಡೆಯಿತು. ಅಕ್ಕ ಯಾರಿಗೂ ಹೇಳಲಿಲ್ಲ. ಆದರೆ ಒಳಗೊಳಗೇ ಹಲ್ಲು ಕಚ್ಚಿಕೊಂಡಿದ್ದಳು, ಅದೂ ಸುಳ್ಳಲ್ಲ.

ನಿವೃತ್ತಿಯ ದಿನ ಸಣ್ಣ ಸಭೆ ಮಾಡಿದರು. "ನಮ್ಮ ಬಾಟ್ಲಿ ಅಕ್ಕ ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಟ್ಯೂಬೂ ಒಡೆದಿಲ್ಲ," ಎಂದರು ದೊಡ್ಡ ಮೇಷ್ಟ್ರು. ಅವಳು ಒಡೆದದ್ದು ಹನ್ನೊಂದು. ಗೋಡೆ ಗಡಿಯಾರ ಕೊಡಲು ಮುಂದೆ ಬಂದಾಗ ಅವಳ ಕಣ್ಣು ಮೂಲೆಯಲ್ಲಿದ್ದ ಮೀನಿನ ತೊಟ್ಟಿಯ ಮೇಲಿತ್ತು. ಅಂಚು ಬಿಟ್ಟು ಸೋರುತ್ತಿದ್ದ ಹಳೆಯ ತೊಟ್ಟಿ. ಒಳಗೆ ಗಾಳಿಪಟದಂತೆ ಚಪ್ಪಟೆ ಮೈಯ, ಉದ್ದ ರೆಕ್ಕೆಯ ಏಂಜಲ್ ಮೀನುಗಳ ಒಂದು ಜೋಡಿ. ಸೋಮವಾರ ಅವನ್ನು ಮೋರಿಗೆ ಸುರಿದು ತೊಟ್ಟಿ ಎಸೆಯಬೇಕೆಂದು ಆಗಲೇ ಆದೇಶವಾಗಿತ್ತು.

"ಗಡಿಯಾರ ನೀವೇ ಇಟ್ಕೊಳ್ಳಿ ಸರ್. ನನಗೆ ಆ ಮೀನು ಕೊಡಿ," ಎಂದಳು.

ಸಭೆಯಲ್ಲಿ ಯಾರೋ ನಕ್ಕರು. ಅವಳು ನಗಲಿಲ್ಲ. ಮುಚ್ಚಳವಿರುವ ಬಣ್ಣದ ಬಕೆಟ್ಟಿನಲ್ಲಿ ಮೀನುಗಳನ್ನು ತೊಡೆಯ ಮೇಲಿಟ್ಟುಕೊಂಡು, ಖಾಲಿ ತೊಟ್ಟಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ಮನೆಗೆ ಬಂದಳು. ತೊಟ್ಟಿಯ ಅಂಚಿಗೆ ತಾನೇ ಅಂಟು ಬಳಿದು, ಮೂರು ದಿನ ಒಣಗಿಸಿ, ಹೊರಗಿನ ಕೋಣೆಯಲ್ಲಿ ಚಪ್ಪಲಿ ಗೂಡನ್ನು ಸರಿಸಿ ಆ ಜಾಗದಲ್ಲಿ ಇಟ್ಟಳು.

ಎರಡು ತಿಂಗಳಿಗೆ ಮೀನುಗಳು ನೀರು ಸೋಸುವ ಕೊಳವೆಯ ಮೇಲೆ ಸಾಲಾಗಿ ಮೊಟ್ಟೆಯಿಟ್ಟವು. ಗಂಡ ಹೆಂಡತಿ ಎರಡೂ ಸರದಿಯ ಮೇಲೆ ನಿಂತು ರೆಕ್ಕೆಯಿಂದ ಗಾಳಿ ಹಾಕುವುದನ್ನು ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಮೂರನೆಯ ದಿನ ಮೊಟ್ಟೆಗಳಿಗೆ ಬಾಲ ಬಂತು. ಒಂಬತ್ತನೆಯ ದಿನ ಮರಿಗಳು ಬಿಡಿಸಿಕೊಂಡು ಈಜತೊಡಗಿದವು. ಅಂಗಡಿಯಿಂದ ತಂದ ಪುಡಿ ಹಾಕಿದಳು. ಮರಿಗಳು ಮೂಸಿಯೂ ನೋಡಲಿಲ್ಲ. ನಾಲ್ಕು ದಿನದಲ್ಲಿ ಎಲ್ಲವೂ ತಳ ಸೇರಿದವು. ಎರಡನೆಯ ಸಲವೂ ಅದೇ ಪಾಡು. ಮೂರನೆಯ ಸಲ ಅವಳು ನೇರ ಸಾಕುಮೀನಿನ ಅಂಗಡಿಗೆ ಹೋದಳು.

ಅಂಗಡಿಯವ ಬಲೆ ಅದ್ದುತ್ತ, "ಅಕ್ಕ, ಏಂಜಲ್ ಮರಿ ಬೆಳೆಸೋದು ಮನೇಲಿ ಆಗೋ ಕೆಲಸ ಅಲ್ಲ. ಅದಕ್ಕೆ ಫಾರಂ ಬೇಕು, ಕಲಿತವರು ಬೇಕು. ನೀವು ದೊಡ್ಡ ಮೀನು ನೋಡ್ಕೊಂಡು ಖುಷಿಯಾಗಿರಿ," ಎಂದ.

"ಮರಿಗೆ ಜೀವ ಇರೋ ಊಟ ಬೇಕು. ಎದುರಿಗೆ ಏನಾದ್ರೂ ಅಲುಗಾಡಿದ್ರೇನೇ ಅವು ಬಾಯಿ ಹಾಕೋದು."

"ಅಷ್ಟೆಲ್ಲ ಗೊತ್ತಿದ್ದು ನನ್ನ ಹತ್ರ ಯಾಕೆ ಬಂದ್ರಿ?"

"ಸಿಗಡಿ ಮೊಟ್ಟೆ ಡಬ್ಬಿ ಇದೆಯಾ ಅಂತ ಕೇಳೋಕೆ."

ಅವನು ಒಳಗೆ ಹೋಗಿ ಧೂಳು ಹಿಡಿದ ಡಬ್ಬಿಯೊಂದನ್ನು ತಂದ. "ಹಳೇದು. ಒಡೆಯಲ್ಲ," ಎಂದ. ಅವಳು ಅದನ್ನೇ ಹಿಡಿದುಕೊಂಡು ಬಂದಳು.

ಮೊದಲ ಬಾಟಲಿ ಸೋತಿತು. ಎರಡನೆಯದಕ್ಕೆ ಪಕ್ಕದಲ್ಲಿ ಬಲ್ಬು ಕಟ್ಟಿ ಬೆಚ್ಚಗೆ ಮಾಡಿದಳು. ಅರ್ಧಕ್ಕರ್ಧ ಮೊಟ್ಟೆ ಬಾಟಲಿಯ ಒಳಮೈಗೆ ಅಂಟಿಕೊಂಡು ಒಣಗಿತು. ಮೂರನೆಯದರಲ್ಲಿ ಮರಿ ಬಂತು, ಆದರೆ ಆತುರದಲ್ಲಿ ಸಿಪ್ಪೆಸಮೇತ ತೊಟ್ಟಿಗೆ ಸುರಿದುಬಿಟ್ಟಳು. ಸಿಪ್ಪೆ ನುಂಗಿದ ಮೀನಿನ ಮರಿಗಳು ಸಂಜೆಯೊಳಗೆ ಸತ್ತವು. ಆ ದಿನ ಅವಳು ಊಟ ಮಾಡಲಿಲ್ಲ. ತಮ್ಮನ ಹೆಂಡತಿ ತಟ್ಟೆ ತಂದಿಟ್ಟು, "ಇಷ್ಟು ಸಣ್ಣದಕ್ಕೆ ಇಷ್ಟು ದುಃಖ ಯಾಕಕ್ಕ? ಬಿಟ್ಬಿಡಿ," ಎಂದಳು.

"ತಪ್ಪು ಅವುಗಳದ್ದಾಗಿದ್ರೆ ಬಿಡಬಹುದಿತ್ತು. ನನ್ನದು," ಎಂದಳು ಅಕ್ಕ.

ಆಮೇಲೆ ದೀಪ ಹಿಡಿದು ಸಿಪ್ಪೆಯನ್ನೂ ಜೀವವನ್ನೂ ಬೇರೆ ಮಾಡುವ ಕೈಚಳಕ ಕಲಿತಳು. ಮುಂದಿನ ಮರಿಗಳು ಈಜತೊಡಗಿದ ಬೆಳಿಗ್ಗೆ ಒಂದು ಚಮಚ ಕಿತ್ತಳೆ ನೀರನ್ನು ತೊಟ್ಟಿಗೆ ಬಿಟ್ಟಳು. ಅದುವರೆಗೆ ಗೊತ್ತುಗುರಿಯಿಲ್ಲದೆ ಅಲೆಯುತ್ತಿದ್ದ ಮರಿಗಳು ಒಮ್ಮೆಲೇ ನಿಂತವು. ಮೈ ಬಗ್ಗಿಸಿ, ಗುರಿಯಿಟ್ಟು, ಟಕ್ಕೆಂದು ಬಾಯಿ ಹಾಕಿದವು. ಕಾಲು ಗಂಟೆಯಲ್ಲಿ ಒಂದೊಂದು ಮರಿಯ ಹೊಟ್ಟೆಯೂ ಸಣ್ಣ ಕಿತ್ತಳೆ ಮಣಿಯಾಗಿತ್ತು. ಗಾಜಿನಂಥ ಮೈಯೊಳಗೆ ಊಟ ಕಾಣಿಸುತ್ತಿತ್ತು. ಪ್ರೆಸ್ಸಿಗೆ ಹೊರಟಿದ್ದ ತಮ್ಮ ಚೀಲ ಹೆಗಲಿಗೇರಿಸಿಕೊಂಡೇ ಬಗ್ಗಿ ನೋಡಿದ. "ಹೊಟ್ಟೆ ತುಂಬಿದೆ," ಎಂದ. ಅವನ ಮಟ್ಟಿಗೆ ಅದು ಒಂದು ಪುಟದಷ್ಟು ಮಾತು. ಬಸ್ಸು ತಪ್ಪಿಸಿಕೊಂಡ.

ಮನೆಯೊಳಗಿನ ಜಗಳ ಆಗ ಶುರುವಾಯಿತು. ಸೋಪಿನ ಜಾಗದಲ್ಲಿ ಉಪ್ಪಿನ ಡಬ್ಬ, ಟವೆಲಿನ ಮೊಳೆಯಲ್ಲಿ ಸೋಸುವ ಬಟ್ಟೆ, ಹಲ್ಲುಜ್ಜುವ ಲೋಟದಲ್ಲಿ ಏನೋ ಈಜುವುದು. ಆದರೆ ಮನೆಯೊಳಗಿನ ಜಗಳ ಮನೆಯೊಳಗೇ ಇತ್ತು. ಹೊರಗಿನದು ಬಂದದ್ದು ಕಟ್ಟಡದ ಸಂಘದ ಕಾರ್ಯದರ್ಶಿಯಿಂದ. ಹದಿನಾಲ್ಕು ಮನೆಗಳ ಆ ಕಟ್ಟಡದಲ್ಲಿ ಆತ ಮೊದಲ ಮಹಡಿಯಲ್ಲಿದ್ದ. ನೋಟಿಸು ಅಂಟಿಸುವುದೆಂದರೆ ಅವನಿಗೆ ಊಟಕ್ಕಿಂತ ಇಷ್ಟ. ಎರಡನೆಯ ಮಹಡಿಯ ಸ್ನಾನದ ಕೋಣೆಯ ಗವಾಕ್ಷಿಯಲ್ಲಿ ದೀಪ ಆರದೇ ಉರಿಯುವುದನ್ನು ಎರಡು ವಾರ ನೋಡಿ, ಒಂದು ದಿನ ಮೆಟ್ಟಿಲ ಬಳಿಯ ಹಲಗೆಗೆ ಅಂಟಿಸಿದ: ‘ಕೆಲವು ನಿವಾಶಿಗಳು ಮನೆಯಲ್ಲಿ ಹುಳುಗಳನ್ನು ಸಾಕುತ್ತಿರುವುದು ಕಂಡುಬಂದಿದೆ. ಇದರಿಂದ ಸೊಳ್ಳೆ ಹರಡುತ್ತದೆ. ಏಳು ದಿನದೊಳಗೆ ತೆರೆವು ಮಾಡತಕ್ಕದ್ದು.’

ಅಕ್ಕ ಸಂಜೆ ತರಕಾರಿ ಚೀಲ ಹಿಡಿದು ಬರುವಾಗ ಓದಿದಳು. ಚೀಲ ಕೆಳಗಿಟ್ಟು, ಪೆನ್ನು ತೆಗೆದು, ಅದರ ಕೆಳಗೇ ಬರೆದಳು: ‘ಇವು ಹುಳುಗಳಲ್ಲ. ಉಪ್ಪುನೀರಿನಲ್ಲಿ ನಮ್ಮ ಸೊಳ್ಳೆ ಬೆಳೆಯುವುದಿಲ್ಲ. ಅನುಮಾನ ಇದ್ದವರು ಬಂದು ನೋಡಬಹುದು. ಎರಡನೇ ಮಹಡಿ, ಬೆಳಿಗ್ಗೆ ಆರರಿಂದ ಏಳು.’ ಮರುದಿನ ಬೆಳಿಗ್ಗೆ ನೋಡಿದರೆ ಕಾರ್ಯದರ್ಶಿಯ ಸಾಲುಗಳಲ್ಲಿ ಇದ್ದ ಎರಡು ಕಾಗುಣಿತದ ತಪ್ಪುಗಳಿಗೆ ಯಾರೋ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಅಂಚಿನಲ್ಲಿ ತಿದ್ದಿದ್ದರು. ಆ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ತಮ್ಮ ತಲೆ ತಗ್ಗಿಸಿಕೊಂಡು ಬ್ರೆಡ್ಡು ತಿಂದ.

ಏಳು ದಿನ ಕಳೆಯಿತು. ಬಾಟಲಿಗಳು ಅಲ್ಲೇ ಇದ್ದವು.

ಆ ಸಮಯಕ್ಕೇ ಕಾಲೇಜಿನಿಂದ ಒಬ್ಬ ಉಪನ್ಯಾಸಕಿ ಅಕ್ಕನನ್ನು ಹುಡುಕಿಕೊಂಡು ಬಂದಳು. ಅಕ್ಕ ನಿವೃತ್ತಳಾಗುವುದಕ್ಕೆ ಒಂದು ವರ್ಷ ಮುಂಚೆ ಕೆಲಸಕ್ಕೆ ಸೇರಿದ್ದ ಹೊಸಬಳು. ಮಾತು ಶುರುಮಾಡಲು ಸಂಕೋಚಪಟ್ಟು ತೊಟ್ಟಿಯನ್ನೇ ನೋಡುತ್ತ ಕೂತಳು.

"ಎರಡು ವರ್ಷದಿಂದ ಪ್ರಯೋಗ ಕೆಡ್ತಾ ಇದೆ. ಒಂದೂ ಒಡೆಯಲ್ಲ. ಚಿತ್ರ ತೋರಿಸಿ ಮುಗಿಸ್ತಾ ಇದ್ದೀವಿ. ನೀವು ಇದ್ದಾಗ ಹೇಗೆ ಆಗ್ತಿತ್ತು ಅಂತ ಯೋಚನೆ ಮಾಡಿದೆ. ಆಮೇಲೆ ಪೈಪಿನ ಪಕ್ಕದ ನೆಲದಲ್ಲಿ ಬೀಕರಿನ ದುಂಡು ಕಲೆ ನೋಡಿದೆ. ಹತ್ತಾರು ಕಲೆ. ಅಕ್ಕ, ನೀವೇ ಅಲ್ವಾ?"

ಅಕ್ಕ ಬಟ್ಟೆ ತೆಗೆದು ತೊಟ್ಟಿಯ ಗಾಜು ಒರೆಸತೊಡಗಿದಳು.

"ಒಂದು ಬಾಟಲಿ ಮರಿ ಕೊಟ್ಟರೆ ಸಾಕು. ಅಟೆಂಡರನ್ನ ಕಳಿಸ್ತೀನಿ."

"ಅಟೆಂಡರ್ ಕೈಲಿ ಕೊಡಲ್ಲ. ನಾನೇ ಬಂದು ತೋರಿಸ್ತೀನಿ. ಸಿಂಕಿನ ಹತ್ರ ಅಲ್ಲ, ಮುಂದೆ, ಮೇಷ್ಟ್ರ ಮೇಜಿನ ಹತ್ರ ನಿಂತ್ಕೊಂಡು. ಉಪ್ಪು ಬೆರೆಸೋದರಿಂದ ಹಿಡಿದು."

ಉಪನ್ಯಾಸಕಿ ಕೇಳಿಕೊಂಡು ಹೋದಳು. ನಾಲ್ಕು ದಿನ ಬಿಟ್ಟು ಮುಖ ಸಣ್ಣ ಮಾಡಿಕೊಂಡು ಬಂದಳು. ದೊಡ್ಡ ಮೇಷ್ಟ್ರು ಬೇಡ ಎಂದಿದ್ದರಂತೆ. ಬೋಧಕರಲ್ಲದವರು ಪಾಠ ಮಾಡುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲವಂತೆ. ಸ್ಯಾಂಪಲ್ ಮಾತ್ರ ತರಿಸಿಕೊಳ್ಳಿ ಎಂದರಂತೆ.

"ಹಾಗಾದ್ರೆ ಸ್ಯಾಂಪಲ್ಲೂ ಇಲ್ಲ," ಎಂದಳು ಅಕ್ಕ. ಅಷ್ಟು ಖಾರವಾಗಿ ಹೇಳಿದ್ದು ಅವಳಿಗೇ ಕೇಳಿಸಿತು. ಉಪನ್ಯಾಸಕಿಯ ಮುಖ ನೋಡಿ ಟೀ ತಂದುಕೊಟ್ಟಳು. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಉಪನ್ಯಾಸಕಿ ಅರ್ಧ ಕಪ್ಪು ಕುಡಿದು, "ಶನಿವಾರ ನನಗೆ ರಜೆ. ವಿದ್ಯಾರ್ಥಿಗಳಿಗೂ ರಜೆ. ರಜೆಯ ದಿನ ಯಾರ ಮನೆಗೆ ಹೋಗಬೇಕು ಅಂತ ನಿಯಮದಲ್ಲಿ ಏನೂ ಇಲ್ಲ," ಎಂದಳು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹದಿನಾರು ಜನ ಬಂದರು. ಸ್ನಾನದ ಕೋಣೆಯಲ್ಲಿ ನಾಲ್ಕು ಜನ ಹಿಡಿಸುತ್ತಿದ್ದರು. ಉಳಿದವರು ಹೊರಗಿನ ಕೋಣೆಯಲ್ಲಿ, ಬಾಗಿಲಲ್ಲಿ, ಮೆಟ್ಟಿಲುಗಳ ಮೇಲೆ ಸಾಲುಗಟ್ಟಿ ನಿಂತರು. ತಮ್ಮನ ಹೆಂಡತಿ ಆಸ್ಪತ್ರೆಯ ಅಭ್ಯಾಸದಲ್ಲಿ, "ನಾಲ್ಕು ನಾಲ್ಕು ಜನ ಬನ್ನಿ, ನುಗ್ಗಬೇಡಿ, ನೋಡಿದವರು ಈ ಕಡೆಯಿಂದ ಹೊರಗೆ," ಎಂದು ಸಾಲು ನಡೆಸಿದಳು. ಅಕ್ಕ ಮೊದಲ ಗುಂಪಿನ ಮುಂದೆ ಉಪ್ಪಿನ ಅಳತೆಯನ್ನು ಎರಡೆರಡು ಸಲ ಹೇಳಿದಳು. ಮೂವತ್ತೊಂದು ವರ್ಷ ಕೇಳಿದ ಪಾಠವೇ ಆದರೂ ಹೇಳುವ ಬಾಯಿ ಬೇರೆ. ಕೈ ಮಾತ್ರ ತಡವರಿಸಲಿಲ್ಲ. ಗಾಳಿ ನಿಲ್ಲಿಸಿದಳು, ದೀಪ ಹಿಡಿದಳು. ಮೋಡ ಕೆಳಗಿಳಿಯುತ್ತಿದ್ದಂತೆ ಮಾತೂ ಸಲೀಸಾಯಿತು.

"ಇದು ಬೆಳಕಿನ ಕಡೆ ಯಾಕೆ ಬರುತ್ತೆ?" ಎಂದು ಒಬ್ಬ ಹುಡುಗಿ ಕೇಳಿದಳು.

"ಸಣ್ಣದಿರುವಾಗ ಬರುತ್ತೆ, ದೊಡ್ಡದಾದ್ಮೇಲೆ ಅಷ್ಟಾಗಿ ಬರಲ್ಲ. ಯಾಕೆ ಅಂತ ನನಗೆ ಗೊತ್ತಿಲ್ಲ. ನೀವು ಓದಿ ಬಂದು ನನಗೆ ಹೇಳಿ."

ಪಾಠ ಮಾಡುತ್ತ ‘ನನಗೆ ಗೊತ್ತಿಲ್ಲ’ ಎಂದವರಲ್ಲಿ ಬಹುಶಃ ಇವರೇ ಮೊದಲಿಗರು ಎಂದು ಉಪನ್ಯಾಸಕಿ ಬಾಗಿಲಲ್ಲಿ ನಿಂತು ನಕ್ಕಳು. ಹುಡುಗಿ ಪುಸ್ತಕದಲ್ಲಿ ಪ್ರಶ್ನೆ ಬರೆದುಕೊಂಡಳು.

ಮೂರನೆಯ ಗುಂಪು ಒಳಗಿದ್ದಾಗ ಕಾರ್ಯದರ್ಶಿ ಮೆಟ್ಟಿಲು ಹತ್ತಿ ಬಂದ. ವಿದ್ಯಾರ್ಥಿಗಳನ್ನು ಒತ್ತರಿಸಿಕೊಂಡು ಬಾಗಿಲಿಗೆ ಬಂದು ನಿಂತ.

"ಏನಿದು? ಇದು ಮನೆಯೋ ಪ್ರದರ್ಶನವೋ? ಏಳು ದಿನ ಅಂತ ಬರೆದಿದ್ದೆ."

ಅಕ್ಕ ಒದ್ದೆ ಕೈಯಲ್ಲೇ ಹೊರಬಂದಳು. "ನಾನೂ ಬರೆದಿದ್ದೆ. ಆರರಿಂದ ಏಳು. ನೀವು ಬರಲಿಲ್ಲ. ಈಗ ಬಂದಿದ್ದೀರಿ, ಒಳ್ಳೇದಾಯ್ತು. ಸಾಲಿನಲ್ಲಿ ನಿಲ್ಲಿ, ಮುಂದಿನ ಗುಂಪಿನಲ್ಲಿ ತೋರಿಸ್ತೀನಿ."

"ನಾನ್ಯಾಕೆ ಸಾಲಿನಲ್ಲಿ ನಿಲ್ಲಲಿ?"

"ಎಲ್ಲರೂ ನಿಂತಿದ್ದಾರೆ."

ಅವನು ನೋಡಲಿಲ್ಲ. ನೋಡಿದರೆ ಒಪ್ಪಬೇಕಾಗುತ್ತದೆ ಎಂಬ ಭಯವೋ ಏನೋ, ಭೂತಗನ್ನಡಿ ಹಿಡಿದು ಹತ್ತಿರ ಬಂದ ಹುಡುಗನನ್ನು ಕೈಯಲ್ಲೇ ತಡೆದ. "ಭಾನುವಾರ ಸಭೆ ಕರೀತೀನಿ," ಎಂದು ಇಳಿದು ಹೋದ.

ಭಾನುವಾರ ನೆಲಮಹಡಿಯಲ್ಲಿ, ವಾಹನ ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿ ಸಭೆ ಸೇರಿತು. ಕಾರ್ಯದರ್ಶಿ ಆರೋಗ್ಯ, ಶುಚಿತ್ವ, ವಿದ್ಯುತ್ತು ಎಂದು ಅರ್ಧ ಗಂಟೆ ಮಾತಾಡಿದ. ಮೇಲಿನ ಮಹಡಿಯ ಮುದುಕಿ, "ವಾಸನೆ ಬರುತ್ತಾ?" ಎಂದು ಕೇಳಿದಳು. ಯಾರಿಗೂ ಬಂದಿರಲಿಲ್ಲ. ಆದರೂ ಇಂಥವುಗಳಲ್ಲಿ ಸುಮ್ಮನಿರುವುದೇ ಸುಖ ಎಂದು ಎಂಟು ಮನೆಯವರು ಕೈ ಎತ್ತಿದರು. ತೆರವು ಮಾಡಬೇಕೆಂದು ತೀರ್ಮಾನವಾಯಿತು. ಬೇರೆ ಮನೆಗಳಂತೆ ಈ ಮನೆಯವರೂ ಒಪ್ಪಿಗೆಯ ಸಹಿ ಹಾಕಬೇಕು ಎಂದು ಕಾರ್ಯದರ್ಶಿ ಪುಸ್ತಕವನ್ನು ತಮ್ಮನ ಹೆಂಡತಿಯ ಮುಂದೆ ಹಿಡಿದ. ಮನೆಯ ಪತ್ರ ಅವಳ ಹೆಸರಿನಲ್ಲಿತ್ತು.

"ನಿಮಗೂ ಇದು ಕಷ್ಟವೇ ಅಂತ ನನಗೆ ಗೊತ್ತು," ಎಂದ ಮೃದುವಾಗಿ. "ಬೆಳಿಗ್ಗೆ ಐದು ಗಂಟೆಗೆ ಸ್ನಾನ ಮಾಡ್ತೀರಂತೆ. ಕೆಳಗಿನವರೆಗೂ ನಿಮ್ಮ ಬೈಗುಳ ಎಲ್ಲ ಕೇಳಿಸುತ್ತೆ."

ಅವಳು ಪುಸ್ತಕ ಮುಚ್ಚಿ ವಾಪಸು ಕೊಟ್ಟಳು. ಆಸ್ಪತ್ರೆಯ ಕಿಟಕಿಯ ದನಿ ಆ ಜಾಗದಲ್ಲೆಲ್ಲ ಮೊಳಗಿತು.

"ಬೈತೀನಿ. ದಿನಾ ಬೈತೀನಿ. ನಮ್ಮ ಅಕ್ಕನ್ನ ಬೈಯೋಕೆ ನನಗೆ ಹಕ್ಕಿದೆ, ಅವರು ನನ್ನ ಗಂಡನ್ನ ಬಾಟ್ಲಿ ತೊಳೆದು ಓದಿಸಿದೋರು. ನಿಮಗೇನಿದೆ? ಸ್ನಾನದ ಮನೆ ನಂದು. ಅದರೊಳಗೆ ಸಿಗಡಿ ಸಾಕ್ತೀನೋ ತಿಮಿಂಗಿಲ ಸಾಕ್ತೀನೋ, ನಾನು ನೋಡ್ಕೋತೀನಿ."

ಯಾರೋ ಹಿಂದಿನ ಕುರ್ಚಿಯಲ್ಲಿ ಕಿಸಕ್ಕೆಂದರು. ತಮ್ಮ ಎದ್ದು ನಿಂತ. ಇಡೀ ಸಭೆ ಅವನತ್ತ ತಿರುಗಿತು. ಹದಿನೈದು ವರ್ಷದಲ್ಲಿ ಅವನು ಸಭೆಯಲ್ಲಿ ಎದ್ದು ನಿಂತದ್ದನ್ನು ಯಾರೂ ಕಂಡಿರಲಿಲ್ಲ. "ಸಹಿ ಇಲ್ಲ," ಎಂದ. ಮತ್ತೆ ಕೂತ.

ತನಗಾಗಿ ಬೇರೆಯವರು ಜಗಳವಾಡಿದ್ದನ್ನು ಅಕ್ಕ ಅದುವರೆಗೆ ನೋಡಿರಲಿಲ್ಲ. ಏನು ಮಾಡಬೇಕೆಂದು ತೋಚದೆ, ತಮ್ಮನ ಹೆಂಡತಿಯ ಹೆಗಲಿನ ಮೇಲಿದ್ದ ದಾರದ ತುಣುಕನ್ನು ತೆಗೆದು ಹಾಕಿದಳು.

ತೀರ್ಮಾನ ಪುಸ್ತಕದಲ್ಲಿ ಉಳಿಯಿತು. ಬಾಟಲಿಗಳು ಸ್ನಾನದ ಮನೆಯಲ್ಲಿ ಉಳಿದವು. ಕಾರ್ಯದರ್ಶಿ ನಗರದ ಆರೋಗ್ಯ ಇಲಾಖೆಗೆ ದೂರು ಕೊಟ್ಟ. ಒಬ್ಬ ಅಧಿಕಾರಿ ಬಂದು ಬಾಟಲಿ ನೋಡಿ, ಉಪ್ಪು ರುಚಿ ನೋಡಿ, "ಇದಕ್ಕೂ ಸೊಳ್ಳೆಗೂ ಸಂಬಂಧ ಇಲ್ಲ," ಎಂದು ಬರೆದುಕೊಟ್ಟು ಹೋದ. ಅದರ ಒಂದು ಪ್ರತಿಯನ್ನು ಅಕ್ಕ ಹಲಗೆಗೆ ಅಂಟಿಸಿದಳು. ಕಾರ್ಯದರ್ಶಿ ಅದನ್ನು ಕಿತ್ತ. ಮತ್ತೆ ಅಂಟಿಸಿದಳು. ಮೂರನೆಯ ಸಲಕ್ಕೆ ಅವನು ಬಿಟ್ಟುಬಿಟ್ಟ.

ಎಲ್ಲವೂ ಗೆದ್ದಂತಾಗಲಿಲ್ಲ. ಉಪನ್ಯಾಸಕಿಗೆ ಕಾಲೇಜಿನಿಂದ ವಿವರಣೆ ಕೇಳಿ ಪತ್ರ ಬಂತು. ಅವಳಿಗೆ ಆ ವರ್ಷ ಪ್ರಯೋಗಾಲಯದ ಜವಾಬ್ದಾರಿ ತಪ್ಪಿತು. ಅಕ್ಕನಿಗೆ ಅದು ಮುಳ್ಳಿನ ಹಾಗೆ ಚುಚ್ಚಿತು. ಆದರೆ ಉಪನ್ಯಾಸಕಿ ಬರುವುದು ಬಿಡಲಿಲ್ಲ, ಶನಿವಾರದ ವಿದ್ಯಾರ್ಥಿಗಳೂ ಬಿಡಲಿಲ್ಲ. ನೂರಿಪ್ಪತ್ತು ಮರಿಗಳಲ್ಲಿ ನಲವತ್ತಮೂರು ಉಳಿದು ಬೆಳೆದವು. ಜಾಗ ಸಾಲದೆ ತಮ್ಮನ ಪುಸ್ತಕದ ಕಪಾಟು ಅರ್ಧ ಖಾಲಿಯಾಗಿ ಅಲ್ಲಿಗೆ ಇನ್ನೊಂದು ತೊಟ್ಟಿ ಬಂತು. ಅವನು "ಹೂಂ" ಎಂದ.

ಮುಂದಿನ ವರ್ಷ ಪ್ರಯೋಗದ ಸಮಯಕ್ಕೆ ಕಾಲೇಜಿನ ಮೊಹರು ಹೊಡೆದ ಪತ್ರವೊಂದು ಅಕ್ಕನ ಹೆಸರಿಗೇ ಬಂತು. ‘ನಮ್ಮ ವಿಭಾಗಕ್ಕೆ ಜೀವಂತ ಸ್ಯಾಂಪಲ್ ಪೂರೈಸಲು ಕೋರಲಾಗಿದೆ,’ ಕೆಳಗೆ ದೊಡ್ಡ ಮೇಷ್ಟ್ರ ಸಹಿ. ಅವಳು ಅಡುಗೆ ಮನೆಯ ಮೇಜಿನಲ್ಲಿ ಕೂತು ಉತ್ತರ ಬರೆದಳು. ಬರೆದದ್ದನ್ನು ತಮ್ಮನ ಮುಂದಿಟ್ಟಳು. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಕೆಂಪು ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡ. ಪತ್ರದಲ್ಲಿ ಇದ್ದದ್ದು ಇಷ್ಟು:

‘ಸ್ಯಾಂಪಲ್ ಪೂರೈಸುವುದಿಲ್ಲ. ಪಾಠ ಬೇಕಾದರೆ ಬರುತ್ತೇನೆ. ಜೊತೆಗೆ ಆ ಉಪನ್ಯಾಸಕಿಗೆ ಪ್ರಯೋಗಾಲಯ ವಾಪಸು ಕೊಡಬೇಕು. ಅಲ್ಲಿಯವರೆಗೆ ವಿದ್ಯಾರ್ಥಿಗಳು ನಮ್ಮ ಮನೆಗೆ ಬರುತ್ತಾರೆ. ನೀವೂ ಬರಬಹುದು. ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.’

ಅಂಚೆ ಡಬ್ಬಿ ಬೀದಿಯ ಕೊನೆಯಲ್ಲಿತ್ತು. ಪತ್ರ ಹಾಕಿ, ಅದು ಒಳಗೆ ಬಿದ್ದ ಸದ್ದು ಕೇಳಿದ ಮೇಲೆಯೇ ಅವಳು ಅಲ್ಲಿಂದ ಕದಲಿದಳು. ಉತ್ತರ ಇನ್ನೂ ಬಂದಿಲ್ಲ. ಬರುವ ಶನಿವಾರಕ್ಕೆ ಇಪ್ಪತ್ತೆರಡು ಜನ ಹೇಳಿಕಳಿಸಿದ್ದಾರೆ. ಅವರಿಗಾಗಿ ಹಲಗೆಯಲ್ಲಿ ನಾಲ್ಕನೆಯ ತೂತು ಕೊರೆಯಲು ಬಡಗಿ ನಾಳೆ ಬರುತ್ತಾನೆ.